ಅದು ಪುಟ್ಟ ಚರ್ಚಲ್ಲ, ಹಳ್ಳಿ ಶಾಲೆ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಹಳ್ಳಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಚಿತ್ರಲೇಖನ ಓದಿದೆ. ಚಿತ್ರಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡುಪುಟದ ದೊಡ್ಡ ಚಿತ್ರದ ಕೆಳಗೆ ‘ಹಳ್ಳಿಯ ಪುಟ್ಟ ಚರ್ಚ್’ ಎಂದು ಹಾಕಿದ್ದೀರಿ. ಅದು ಶಾಲೆ. ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನೋಡಿ. ಎಡಗಡೆ ಒಂದು ಬಾಗಿಲು, ಬಲಗಡೆ ಇನ್ನೊಂದು. ಒಂದರ ನೆತ್ತಿಯ ಕಲ್ಲಿನಲ್ಲಿ ‘ಬಾಯ್ಸ್’ ಎಂದು ಕೆತ್ತಿದೆ. ಇನ್ನೊಂದರ ಮೇಲೆ ಬಳ್ಳಿ ಹಬ್ಬಿ ಅಕ್ಷರ ಮುಚ್ಚಿಹೋಗಿದೆ, ಅಲ್ಲಿ ‘ಗರ್ಲ್ಸ್’ ಎಂದೇ ಇರಬೇಕು. ಪಕ್ಕಕ್ಕೆ ಅಂಟಿಕೊಂಡ ಹಾಗೆ ಚಿಮಣಿ ಇರುವ ಚಿಕ್ಕ ಮನೆ ಇದೆಯಲ್ಲ, ಅದು ಮೇಷ್ಟ್ರ ಮನೆ. ಚರ್ಚಿಗೆ ಅಡುಗೆಮನೆಯ ಚಿಮಣಿ ಯಾಕೆ ಬೇಕು, ಅಲ್ವಾ?

ನಾನು ಆಕ್ಸ್‌ಫರ್ಡ್‌ಶೈರಿನಲ್ಲಿ ಹಳೆಯ ಕಟ್ಟಡಗಳ ಸರ್ವೆಯರ್. ಮಾಡು ಎಲ್ಲಿ ಸೋರುತ್ತಿದೆ, ಗೋಡೆಗೆ ತೇವ ಎಲ್ಲಿಂದ ಬಂತು, ಬಿರುಕು ಹಳೆಯದೋ ಈಚಿನದೋ, ಇದನ್ನೆಲ್ಲ ಪತ್ತೆಮಾಡಿ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಚರ್ಚು, ಕಣಜ, ಹಿಟ್ಟಿನ ಗಿರಣಿ ಎಲ್ಲವನ್ನೂ ನೋಡುತ್ತೇನೆ. ಹಳ್ಳಿ ಶಾಲೆ ಅಂದರೆ ಮಾತ್ರ ಸ್ವಲ್ಪ ಪಕ್ಷಪಾತ ಜಾಸ್ತಿ. ಪತ್ರ ಉದ್ದವಾಯಿತು ಅನ್ನಿಸಿದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಚರ್ಚ್ ಅಂದುಕೊಂಡದ್ದಕ್ಕೆ ನಿಮ್ಮವರನ್ನು ದೂರುವುದಿಲ್ಲ. ನೋಡಿದವರಿಗೆ ಹಾಗೆ ಅನ್ನಿಸಲಿ ಎಂದೇ ಅದನ್ನು ಕಟ್ಟಿದ್ದು. ಬಡ ಮಕ್ಕಳಿಗೆ ಓದು ಕಲಿಸುವ ಕೆಲಸವನ್ನು ಇಲ್ಲಿ ಮೊದಲು ಕೈಗೆತ್ತಿಕೊಂಡದ್ದು ಸರ್ಕಾರವಲ್ಲ, ಪಂಗಡಗಳು. ಚರ್ಚ್ ಆಫ್ ಇಂಗ್ಲೆಂಡ್‌ನವರು 1811ರಲ್ಲಿ ನ್ಯಾಷನಲ್ ಸೊಸೈಟಿ ಕಟ್ಟಿಕೊಂಡರು. ಆ ಚರ್ಚಿಗೆ ಸೇರದ ಬೇರೆ ಪ್ರಾಟೆಸ್ಟೆಂಟ್ ಪಂಗಡಗಳ ಕಡೆಯಿಂದ ಬ್ರಿಟಿಷ್ ಅಂಡ್ ಫಾರಿನ್ ಸ್ಕೂಲ್ ಸೊಸೈಟಿ ಇತ್ತು. ಇಬ್ಬರಿಗೂ ಮುಖ ಕೊಟ್ಟು ಮಾತಿಲ್ಲ. ಸರ್ಕಾರ ಮೊದಲ ಸಲ ಕೈ ಬಿಚ್ಚಿದ್ದು 1833ರಲ್ಲಿ, 20,000 ಪೌಂಡ್. ಅದೂ ಈ ಎರಡು ಸೊಸೈಟಿಗಳ ಮೂಲಕ, ಅದೂ ಕಟ್ಟಡ ಕಟ್ಟಲು ಮಾತ್ರ, ಅದೂ ಅರ್ಧ ದುಡ್ಡನ್ನು ಊರವರು ಮೊದಲು ಕೂಡಿಸಿದರೆ. ಆಗ ಆದ್ಯತೆ ದೊಡ್ಡ ಊರುಗಳಿಗಿತ್ತು. ಹಳ್ಳಿಗಳ ಸರದಿ ಬಂದದ್ದು ಆಮೇಲೆ.

ಹಳ್ಳಿಯಲ್ಲಿ ಈ ಅರ್ಧ ದುಡ್ಡು ಕೂಡಿಸಲು ಮನೆಮನೆ ತಿರುಗುವವರು ಯಾರು? ಪಾದ್ರಿ. ಜಾಗ ಕೊಡುವವರು ಯಾರು? ಊರ ಜಮೀನ್ದಾರರು. 1841ರಲ್ಲಿ ಬಂದ ಶಾಲಾ ನಿವೇಶನಗಳ ಕಾಯ್ದೆ ಅವರ ಕೆಲಸ ಸುಲಭ ಮಾಡಿತು. ಒಂದು ಎಕರೆಯವರೆಗೆ ಜಾಗವನ್ನು ಶಾಲೆಗೂ ಮೇಷ್ಟ್ರ ಮನೆಗೂ ದಾನವಾಗಿ ಬರೆದುಕೊಡಬಹುದಿತ್ತು. ಶಾಲೆ ನಿಂತುಹೋದರೆ ಜಾಗ ದಾನಿಯ ವಂಶಕ್ಕೆ ವಾಪಸ್ ಎಂಬ ಷರತ್ತೂ ಅದರಲ್ಲಿತ್ತು. ಆ ಒಂದು ಸಾಲಿನಿಂದ 150 ವರ್ಷಗಳ ನಂತರವೂ ವಕೀಲರು ಊಟ ಮಾಡಿದ್ದಾರೆ. 1987ರಲ್ಲಿ ಇದಕ್ಕೆಂದೇ ಇನ್ನೊಂದು ಕಾಯ್ದೆ ಬರಬೇಕಾಯಿತು. ಅದಿರಲಿ.

ಪಾದ್ರಿ ದುಡ್ಡು ಕೂಡಿಸಿದ ಮೇಲೆ ನಕ್ಷೆ ಯಾರ ಹತ್ತಿರ ಬರೆಸುತ್ತಾರೆ? ಎಷ್ಟೋ ಕಡೆ ಚರ್ಚ್ ರಿಪೇರಿಗೆ ಬಂದ ವಾಸ್ತುಶಿಲ್ಪಿಯ ಹತ್ತಿರವೇ. ಚೂಪು ಕಮಾನು, ಕಡಿದಾದ ಮಾಡು, ನೆತ್ತಿಯಲ್ಲಿ ಗಂಟೆಗೂಡು, ಇವೆಲ್ಲ ಆ ಕೈಯಿಂದ ಬಂದವು. ಯಾರ್ಕ್‌ಶೈರಿನ ಬಾಲ್ಡರ್ಸ್‌ಬಿ ಸೇಂಟ್ ಜೇಮ್ಸ್ ಎಂಬ ಹಳ್ಳಿಯಲ್ಲಿ ವಿಲಿಯಂ ಬಟರ್‌ಫೀಲ್ಡ್ 1850ರ ದಶಕದಲ್ಲಿ ಚರ್ಚು, ಶಾಲೆ, ಪಾದ್ರಿಯ ಮನೆ, ಕೂಲಿಯವರ ಮನೆಗಳು ಎಲ್ಲವನ್ನೂ ಒಬ್ಬರೇ ವಿನ್ಯಾಸ ಮಾಡಿದರು. ಮೇಡನ್‌ಹೆಡ್ ಪಕ್ಕದ ಬಾಯ್ನ್ ಹಿಲ್‌ನಲ್ಲಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಅದೇ ದಶಕದಲ್ಲಿ ಕೆಂಪು ಇಟ್ಟಿಗೆಯಲ್ಲಿ ಇದೇ ರೀತಿ ಚರ್ಚು, ಶಾಲೆ, ಮನೆಗಳ ಗುಂಪು ಕಟ್ಟಿದರು. ಇವರು ಆ ಕಾಲದ ದೊಡ್ಡ ಹೆಸರುಗಳು. ಅಂಥವರೂ ಹಳ್ಳಿ ಶಾಲೆಯ ನಕ್ಷೆ ಬರೆಯುವುದು ತಮ್ಮ ಘನತೆಗೆ ಕಡಿಮೆ ಅಂದುಕೊಳ್ಳಲಿಲ್ಲ. ಬ್ರಿಟಿಷ್ ಸೊಸೈಟಿಯ ಶಾಲೆಗಳು ಬೇರೆ ದಾರಿ ಹಿಡಿದವು. ಅವು ಸಾಮಾನ್ಯವಾಗಿ ಸಾದಾ, ಚೌಕ ಅಥವಾ ಅರ್ಧವೃತ್ತದ ಕಿಟಕಿಯವು, ಆ ಪಂಗಡಗಳ ಪ್ರಾರ್ಥನೆಯ ಮನೆಯನ್ನು ಹೋಲುವಂಥವು. ಹಾಗಾಗಿ ದೂರದಿಂದ ಚೂಪು ಕಮಾನು ಕಂಡ ಕೂಡಲೇ ಇದಕ್ಕೆ ಯಾವ ಕಡೆಯವರು ದುಡ್ಡು ಕೊಟ್ಟಿರಬಹುದು ಎಂದು ಒಂದು ಊಹೆ ಮಾಡಬಹುದು. ಹೆಚ್ಚಿನ ಸಲ ಊಹೆ ನಿಜವಾಗುತ್ತದೆ.

ನಿಮ್ಮ ಲೇಖನದಲ್ಲಿ ಇನ್ನೊಂದು ಸಾಲು ಇದೆ. ಮಕ್ಕಳು ಹೊರಗೆ ನೋಡಬಾರದು ಎಂದು ಕಿಟಕಿಗಳನ್ನು ಎತ್ತರದಲ್ಲಿ ಇಟ್ಟಿದ್ದರಂತೆ. ಇದನ್ನು ಇಲ್ಲಿನ ಜನವೂ ಹೇಳುತ್ತಾರೆ, ಗೈಡುಗಳೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಬೆತ್ತ ಹಿಡಿದ ಮೇಷ್ಟ್ರು, ಜೈಲಿನಂಥ ಕೋಣೆ, ಪಾಪದ ಮಕ್ಕಳು. ಮೇಷ್ಟ್ರುಗಳಿಗೆ ಅದು ಅನುಕೂಲವಾಗಿಯೂ ಇದ್ದಿರಬಹುದು. ಆದರೆ ಆ ಎತ್ತರಕ್ಕೆ ಅದಕ್ಕಿಂತ ಗಟ್ಟಿ ಕಾರಣಗಳಿವೆ. ಅವು ತಿಳಿದರೆ ಇಡೀ ಕಟ್ಟಡ ಅರ್ಥವಾಗುತ್ತದೆ. ಇದಕ್ಕಾಗಿ ಸ್ವಲ್ಪ ಮದ್ರಾಸಿಗೆ ಹೋಗಿ ಬರಬೇಕು.

ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಿಂದ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮದ ಮೇಲ್ವಿಚಾರಕರಾಗಿದ್ದರು. ಅಲ್ಲಿನ ದೇಶಿ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡರು. ಅದನ್ನೇ ತಮ್ಮ ಆಶ್ರಮಕ್ಕೂ ತಂದರು, ದೊಡ್ಡ ಮಕ್ಕಳೇ ಚಿಕ್ಕವರಿಗೆ ಹೇಳಿಕೊಡುವ ಕ್ರಮ ಮಾಡಿದರು. ಇಂಗ್ಲೆಂಡಿಗೆ ಮರಳಿ 1797ರಲ್ಲಿ ಅದರ ಬಗ್ಗೆ ಬರೆದರು. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಇನ್ನೊಬ್ಬರು ಇಂಥದೇ ಕ್ರಮವನ್ನು ಬರೋ ರೋಡ್ ಶಾಲೆಯಲ್ಲಿ ನಡೆಸುತ್ತಿದ್ದರು. ನ್ಯಾಷನಲ್ ಸೊಸೈಟಿ ಬೆಲ್ ಅವರನ್ನು ಹಿಡಿದುಕೊಂಡಿತು, ಇನ್ನೊಂದು ಪಕ್ಷ ಲ್ಯಾಂಕಾಸ್ಟರ್ ಅವರನ್ನು. ಕಲಿಸುವುದು ಹೆಚ್ಚುಕಡಿಮೆ ಒಂದೇ ತರಹ. ಕೂರಿಸುವುದು ಬೇರೆ. ಹಾಗಾಗಿ ಕೋಣೆಯೂ ಬೇರೆ.

ಲ್ಯಾಂಕಾಸ್ಟರ್ ಪದ್ಧತಿಯಲ್ಲಿ ಕೋಣೆಯ ನಡುವೆ ಉದ್ದುದ್ದ ಬೆಂಚುಗಳ ಸಾಲು, ಎಲ್ಲರ ಮುಖ ಮೇಷ್ಟ್ರ ಕಡೆಗೆ. ಗೋಡೆಯ ಗುಂಟ ಖಾಲಿ ಓಣಿ. ಮಕ್ಕಳು ಗುಂಪುಗುಂಪಾಗಿ ಎದ್ದು ಬಂದು ಗೋಡೆಗೆ ತೂಗುಹಾಕಿದ ಪಾಠದ ಹಲಗೆಯ ಮುಂದೆ ಅರ್ಧಚಂದ್ರಾಕಾರವಾಗಿ ನಿಂತು ಓದಬೇಕು. ಬೆಲ್ ಪದ್ಧತಿಯಲ್ಲಿ ಇದು ತಿರುಗಾಮುರುಗಾ. ಬರೆಯುವ ಮೇಜುಗಳು ಗೋಡೆಗೆ ಅಂಟಿಕೊಂಡಿರುತ್ತವೆ, ಮಕ್ಕಳು ಗೋಡೆಗೆ ಮುಖ ಮಾಡಿ ಕೂತು ಬರೆಯುತ್ತಾರೆ. ನಡುವಿನ ಜಾಗ ಪೂರ್ತಿ ಖಾಲಿ, ಅಲ್ಲಿ ತರಗತಿಗಳು ಚೌಕಾಕಾರವಾಗಿ ನಿಲ್ಲುತ್ತವೆ.

ಈಗ ಹೇಳಿ, ಗೋಡೆಯ ತುಂಬ ಮೇಜು ಅಥವಾ ಪಾಠದ ಹಲಗೆ ಇದ್ದರೆ ಕಿಟಕಿ ಎಲ್ಲಿಡುತ್ತೀರಿ? ಅದರ ಮೇಲೇ ಇಡಬೇಕು. ಜೊತೆಗೆ ಎತ್ತರದ ಕಿಟಕಿಯಿಂದ ಬಂದ ಬೆಳಕು ಕೋಣೆಯ ಒಳಗೆ ದೂರದವರೆಗೆ ಬೀಳುತ್ತದೆ. ಇಲ್ಲಿನ ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ವಿದ್ಯುತ್ತಿಲ್ಲದ ಕಾಲ. ಬೆಳಕು ಎಷ್ಟು ಸಿಕ್ಕಿದರೂ ಸಾಲದು. ಇನ್ನು ಗಾಳಿ. ನೂರು ಮಕ್ಕಳು, ಒದ್ದೆ ಉಣ್ಣೆಯ ಬಟ್ಟೆ, ಕಲ್ಲಿದ್ದಲಿನ ಒಲೆ. ಬಿಸಿ ಗಾಳಿ ಮೇಲಕ್ಕೆ ಹೋಗಿ ಕಿಟಕಿಯ ಮೇಲ್ಭಾಗದಿಂದಲೋ ಮಾಡಿನ ನೆತ್ತಿಯಲ್ಲಿ ಇಟ್ಟ ಗಾಳಿಗೂಡಿನಿಂದಲೋ ಹೊರಗೆ ಹೋಗಬೇಕು. ಎಷ್ಟೋ ಶಾಲೆಗಳ ಮಾಡಿನ ಮೇಲೆ ಚಂದಕ್ಕೆ ಇಟ್ಟ ಗೋಪುರದ ಹಾಗೆ ಕಾಣುವುದು ಈ ಗಾಳಿಗೂಡು.

ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಈ ಕ್ರಮ ಬಹುಕಾಲ ನಿಲ್ಲಲಿಲ್ಲ. 1839ರಲ್ಲಿ ಶಿಕ್ಷಣಕ್ಕೆಂದು ಸರ್ಕಾರದ ಸಮಿತಿಯೊಂದು ಆಯಿತು. ಅದರ ಕಾರ್ಯದರ್ಶಿ ಜೇಮ್ಸ್ ಕೇ, ಮುಂದೆ ಕೇ-ಶಟಲ್‌ವರ್ತ್ ಆದವರು. ಈ ಸಮಿತಿ ಶಾಲಾ ಕಟ್ಟಡಗಳಿಗೆ ಮಾದರಿ ನಕ್ಷೆಗಳನ್ನು ಹೊರಡಿಸಿತು. 1846ರಲ್ಲಿ ತರಬೇತಿ ಪಡೆಯುವ ಕಿರಿಯ ಶಿಕ್ಷಕರ ಪದ್ಧತಿ ತಂದಿತು. ಆಮೇಲೆ ಕೋಣೆಗಳು ಉದ್ದಕ್ಕೆ ಬೆಳೆದವು, ಅಗಲ ಹಿಡಿತಕ್ಕೆ ಬಂತು. ಒಂದು ಗೋಡೆಯ ಕಡೆ ಮೂರು ಸಾಲು ಮೇಜು, ಗುಂಪು ಗುಂಪಿನ ನಡುವೆ ಪರದೆ. ಪರದೆ ಸರಿಸಿದರೆ ಎಲ್ಲರೂ ಒಂದೇ ಕೋಣೆಯಲ್ಲಿ. ಚಿಕ್ಕ ಮಕ್ಕಳಿಗೆ ಮೆಟ್ಟಿಲು ಮೆಟ್ಟಿಲಾದ ಗ್ಯಾಲರಿ ಇರುವ ಬೇರೆ ಕೋಣೆ.

ಈಚೆಗೆ ಇಂಥದ್ದೊಂದು ಶಾಲೆಯನ್ನು ಅಳೆಯುವ ಕೆಲಸ ಬಂದಿತ್ತು. ಊರಿನ ಹೆಸರು ಬೇಡ. ಮುಚ್ಚಿ ಬಹಳ ವರ್ಷಗಳಾಗಿವೆ. ಸುಣ್ಣಕಲ್ಲಿನ ಗೋಡೆ, ಮುಂಭಾಗದ ಮಾಡಿಗೆ ಊರಿನದೇ ಕಲ್ಲುಹಂಚು, ಹಿಂಭಾಗಕ್ಕೆ ಮಾತ್ರ ವೇಲ್ಸಿನ ಸ್ಲೇಟು. ರಸ್ತೆಗೆ ಕಾಣುವ ಕಡೆ ಒಂದು, ಕಾಣದ ಕಡೆ ಅಗ್ಗದ್ದು. ಚಂದಾ ಎಲ್ಲಿಗೆ ಬಂದು ಮುಗಿಯಿತು ಎಂದು ಮಾಡೇ ಹೇಳುತ್ತದೆ. ಒಳಗೆ ದೊಡ್ಡ ಕೋಣೆ 44 ಅಡಿ ಉದ್ದ, 18 ಅಡಿ ಅಗಲ. ಅಂದರೆ 792 ಚದರ ಅಡಿ. 1870ರ ದಶಕದ ಅನುದಾನದ ನಿಯಮದಲ್ಲಿ ಒಂದು ಮಗುವಿಗೆ ಕನಿಷ್ಠ 8 ಚದರ ಅಡಿ ಜಾಗ, 80 ಘನ ಅಡಿ ಗಾಳಿ ಇರಬೇಕಿತ್ತು. ಆ ಲೆಕ್ಕಕ್ಕೆ ಈ ಕೋಣೆಯಲ್ಲಿ 99 ಮಕ್ಕಳು. ಎಂಟು ಚದರ ಅಡಿ ಅಂದರೆ ಎಷ್ಟು ಅಂತ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೀಚಿ ನೋಡಿ. ಎರಡಡಿ ಅಗಲ, ನಾಲ್ಕಡಿ ಉದ್ದ. ಮೇಜು, ಬೆಂಚು, ಓಡಾಡುವ ದಾರಿ ಎಲ್ಲ ಅದರಲ್ಲೇ.

80 ಘನ ಅಡಿ ಅನ್ನುವುದನ್ನು 8 ಚದರ ಅಡಿಯಿಂದ ಭಾಗಿಸಿದರೆ ಸರಾಸರಿ ಎತ್ತರ 10 ಅಡಿ ಬರುತ್ತದೆ. ನಾನು ಅಳೆದ ಕೋಣೆಯಲ್ಲಿ ಗೋಡೆಯೇ 11 ಅಡಿ. ಅಲ್ಲಿಂದ ಮಾಡಿನ ನೆತ್ತಿಗೆ ಹತ್ತಿರಹತ್ತಿರ ಇನ್ನೂ ಅಷ್ಟೇ. ಕೆಳಗೆ ಜಾಗ ಬಿಗಿ, ಮೇಲೆ ಧಾರಾಳ. ಕಾರಣ ಸರಳ. ಚರ್ಚಿನ ಆ ಚೂಪು ಕಮಾನಿನ ಗೋಥಿಕ್ ಶೈಲಿ ಬೇಕೆಂದರೆ ಮಾಡು ಕಡಿದಾಗಿರಬೇಕು. ಸ್ಥಳೀಯ ಕಲ್ಲುಹಂಚು ಹಾಕಬೇಕೆಂದರೂ ಕಡಿದಾಗಿರಬೇಕು, ಇಲ್ಲದಿದ್ದರೆ ನೀರು ಒಳಗೆ ನುಗ್ಗುತ್ತದೆ. ಮಾಡಿನ ಕೆಳಗೆ ಸೀಲಿಂಗ್ ಹೊಡೆಯದೆ ಬಿಟ್ಟರೆ ಆ ಗಾಳಿಯೆಲ್ಲ ಮಕ್ಕಳ ಪಾಲಿಗೆ. ಪಾದ್ರಿಗೆ ಚರ್ಚಿನ ರೂಪ ಸಿಕ್ಕಿತು, ಸರ್ಕಾರದ ಶಾಲಾ ಇನ್ಸ್‌ಪೆಕ್ಟರಿಗೆ ಘನ ಅಡಿ ಸಿಕ್ಕಿತು.

ಹುಡುಗರ ಬಾಗಿಲಿನ ಪಕ್ಕದ ಕಲ್ಲಿನಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಉದ್ದುದ್ದ ಗೀರುಗಳಿವೆ. ಬೆರಳು ಇಟ್ಟರೆ ಬೆರಳು ಒಳಗೆ ಕೂರುತ್ತದೆ. ಬಳಪ ಚೂಪು ಮಾಡಲು ಮಕ್ಕಳು ಉಜ್ಜಿ ಉಜ್ಜಿ ಮಾಡಿದ್ದು. ಹುಡುಗಿಯರ ಬಾಗಿಲಿನ ಹತ್ತಿರವೂ ಇವೆ, ಆದರೆ ಕಡಿಮೆ. ಅವರು ಚೂಪು ಮಾಡಿಕೊಂಡು ಬರುತ್ತಿದ್ದರೋ, ಅಥವಾ ಅವರನ್ನು ಹೊಲಿಗೆಗೆ ಕೂರಿಸುತ್ತಿದ್ದರೋ. ನಾನು ಎರಡನೆಯದಕ್ಕೆ ಪಣ ಕಟ್ಟುತ್ತೇನೆ.

ಅದೇ ಗೋಡೆಯಲ್ಲಿ ದಕ್ಷಿಣದ ಕಿಟಕಿಗಳ ಕೆಳಗೆ ಕಲ್ಲಿನ ಬಣ್ಣ ಬೇರೆ. ಕಿಟಕಿಯ ಅಡಿಪಟ್ಟಿಯನ್ನು ಯಾವಾಗಲೋ ಎರಡಡಿ ಕೆಳಗಿಳಿಸಿದ್ದಾರೆ. ಇದನ್ನು ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಶಾಲೆಗಳಲ್ಲಿ ಮಾಡಿದರು. ಮಕ್ಕಳಿಗೆ ಬಿಸಿಲು, ಹೊರಗಿನ ಗಾಳಿ ಬೇಕು ಎಂಬ ವಿಚಾರ ಬಲವಾದ ಕಾಲ ಅದು. ಮೇಜುಗಳೂ ಗೋಡೆ ಬಿಟ್ಟು ನಡುವಿಗೆ ಬಂದಿದ್ದವು. ಎತ್ತರದ ಕಿಟಕಿಯ ಅಗತ್ಯ ಮುಗಿದಾಗ ಅದನ್ನು ಇಳಿಸಿದರು. ನಾನು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಒಲೆಯ ಬಗ್ಗೆ ಒಂದು ಮಾತು. ಕೋಣೆಯ ಮೂಲೆಯಲ್ಲಿ ಎರಕದ ಕಬ್ಬಿಣದ ಟಾರ್ಟಾಯ್ಸ್ ಒಲೆ ಇನ್ನೂ ನಿಂತಿದೆ. ಎಸೆಕ್ಸಿನ ಹಾಲ್‌ಸ್ಟೆಡ್‌ನ ಚಾರ್ಲ್ಸ್ ಪೋರ್ಟ್‌ವೇ ಶುರುಮಾಡಿದ ಕಾರ್ಖಾನೆಯದು. ಅದರ ಮೇಲೆ ಆಮೆಯ ಚಿತ್ರ, ನಿಧಾನವಾಗಿ ಆದರೆ ಖಂಡಿತವಾಗಿ ಉರಿಯುತ್ತದೆ ಎಂಬ ಘೋಷವಾಕ್ಯ. ಒಲೆಯ ಪಕ್ಕ ಕೂತವರಿಗೆ ಮುಖ ಸುಡುತ್ತಿತ್ತು, 40 ಅಡಿ ಆಚೆ ಕೂತವರಿಗೆ ಆಮೆ ಇನ್ನೂ ತಲುಪಿರುತ್ತಿರಲಿಲ್ಲ. ಚಳಿಗೆ ಶಾಯಿ ಹೆಪ್ಪುಗಟ್ಟಿತು ಎಂದು ಹೆಡ್‌ಮಾಸ್ಟರುಗಳು ದಿನಚರಿ ಪುಸ್ತಕದಲ್ಲಿ ಬರೆದಿಟ್ಟ ಊರುಗಳು ಒಂದೆರಡಲ್ಲ. ಹಿತ್ತಿಲ ಕೊನೆಯಲ್ಲಿ ಮಣ್ಣಿನ ಕಕ್ಕಸು. ಡಾರ್ಸೆಟ್‌ನ ಫೋರ್ಡಿಂಗ್ಟನ್‌ನ ಪಾದ್ರಿ ಹೆನ್ರಿ ಮೌಲ್ 1860ರಲ್ಲಿ ಪೇಟೆಂಟ್ ಪಡೆದ ತರಹದ್ದು. ನೋಡಿ, ಇಲ್ಲೂ ಪಾದ್ರಿಯೇ!

ಎಲ್ಲ ಹಳ್ಳಿ ಶಾಲೆಗಳೂ ವಿಕ್ಟೋರಿಯಾ ಕಾಲದವೇ ಎಂದಲ್ಲ. ಆಕ್ಸ್‌ಫರ್ಡ್‌ಶೈರಿನ ಯುವೆಲ್ಮ್‌ನಲ್ಲಿ ಸಫೋಕ್‌ನ ದೊರೆಯೂ ಅವರ ಹೆಂಡತಿ ಆಲಿಸ್ ಚಾಸರ್ ಅವರೂ 1437ರಲ್ಲಿ ದಾನದ ಸಂಸ್ಥೆಯೊಂದನ್ನು ಶುರುಮಾಡಿ, ಚರ್ಚಿನ ಕೆಳಗಿನ ಇಳಿಜಾರಿನಲ್ಲಿ ಬಡ ವೃದ್ಧರ ವಸತಿಯನ್ನೂ ಶಾಲೆಯನ್ನೂ ಕಟ್ಟಿಸಿದರು. ಆಲಿಸ್ ಅಂದರೆ ಕವಿ ಜೆಫ್ರಿ ಚಾಸರ್ ಅವರ ಮೊಮ್ಮಗಳು. ಆ ಸೀಮೆಯಲ್ಲಿ ಇಟ್ಟಿಗೆ ಅಂದರೆ ಆಗ ಹೊಸ ವಸ್ತು, ಶ್ರೀಮಂತರ ಶೋಕಿ. ಆ ಇಟ್ಟಿಗೆಯ ಶಾಲೆಯಲ್ಲಿ ಇವತ್ತಿಗೂ ಊರ ಮಕ್ಕಳು ಪ್ರೈಮರಿ ಓದುತ್ತಿದ್ದಾರೆ. ನಾಟಿಂಗ್‌ಹ್ಯಾಮ್‌ಶೈರಿನ ಬನ್ನಿ ಎಂಬ ಹಳ್ಳಿಯಲ್ಲಿ 1700ರ ಶಾಲೆ ಇದೆ. ಕಟ್ಟಿಸಿದವರು ಸರ್ ಥಾಮಸ್ ಪಾರ್ಕಿನ್ಸ್, ಕುಸ್ತಿ ಪಟು. ಚರ್ಚಿನಲ್ಲಿರುವ ಅವರ ಸಮಾಧಿ ಶಿಲ್ಪವೂ ಕುಸ್ತಿಯ ಪಟ್ಟಿನಲ್ಲೇ ನಿಂತಿದೆ. ಶಾಲೆಯ ಗೋಡೆಯ ಮೇಲೆ ಲ್ಯಾಟಿನ್‌ನಲ್ಲಿ ‘ಕಲಿ, ಇಲ್ಲವೇ ಹೊರಡು’ ಎಂದು ಕೆತ್ತಿಸಿದ್ದಾರೆ. ಪೈಲ್ವಾನರ ಮಾತು, ಸುತ್ತುಬಳಸಿಲ್ಲ.

ಈಗ ನನಗೆ ನಿಜವಾಗಿ ಕೋಪ ಬರಿಸಿದ ಭಾಗಕ್ಕೆ ಬರುತ್ತೇನೆ. ಮುಚ್ಚಿದ ಶಾಲೆಯನ್ನು ಮನೆ ಮಾಡಿಕೊಂಡವರ ಚಿತ್ರ ಹಾಕಿ, ‘ಹೊರಗಿನ ಒಂದು ಕಲ್ಲೂ ಅಲುಗದ ಹಾಗೆ ಪರಂಪರೆ ಉಳಿಸಿಕೊಂಡಿದ್ದಾರೆ’ ಎಂದು ಹೊಗಳಿದ್ದೀರಿ. ಒಳಗಿನ ಒಂದು ಚಿತ್ರವೂ ಇಲ್ಲ. ಯಾಕಿಲ್ಲ ಎಂದು ನಾನು ಊಹಿಸಬಲ್ಲೆ.

ನಾನು ಅಳೆದ ಶಾಲೆಯನ್ನು ಕೊಂಡವರೂ ಮನೆ ಮಾಡಬೇಕೆಂದಿದ್ದರು. ಅವರ ನಕ್ಷೆ ನನ್ನ ಮುಂದೆ ಬಂತು. 44 ಅಡಿ ಕೋಣೆಯ ಪೂರ್ತಿ ಉದ್ದಕ್ಕೂ 8 ಅಡಿ ಎತ್ತರದಲ್ಲಿ ಒಂದು ಮಹಡಿ. ಕೆಳಗೆ ಅಡುಗೆಮನೆ, ಹಾಲ್. ಮೇಲೆ ನಾಲ್ಕು ಮಲಗುವ ಕೋಣೆ, ಎರಡು ಬಚ್ಚಲು. ಕಿಟಕಿಯ ಅಡಿ ಐದಡಿಯಲ್ಲಿ, ನೆತ್ತಿ ಹತ್ತಡಿಯಲ್ಲಿ. ಎಂಟಡಿಯಲ್ಲಿ ಮಹಡಿ ಹಾದರೆ ಏನಾಗುತ್ತದೆ? ಕೆಳಗಿನವರಿಗೆ ಆಕಾಶ ಕಾಣುವ ಮೂರಡಿ ಕಿಟಕಿ. ಮೇಲಿನವರಿಗೆ ಪಾದದಿಂದ ಮೊಣಕಾಲವರೆಗಿನ ಕಿಟಕಿ, ಬಗ್ಗಿದರೆ ರಸ್ತೆ ಕಾಣುತ್ತದೆ. ಮಾಡನ್ನು ಹೊತ್ತ ಮರದ ತ್ರಿಕೋನ ಚೌಕಟ್ಟುಗಳ (ಟ್ರಸ್) ಅಡ್ಡತೊಲೆ ಗೋಡೆಯ ನೆತ್ತಿಯಲ್ಲಿ, ಅಂದರೆ 11 ಅಡಿಯಲ್ಲಿ ಇದೆ. ಹೊಸ ಮಹಡಿಯ ಮೇಲೆ ನಿಂತರೆ ಅದು ಸೊಂಟಕ್ಕೆ ಬರುತ್ತದೆ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಲು ತೊಲೆ ದಾಟಬೇಕು. ನಕ್ಷೆಯಲ್ಲಿ ಅದಕ್ಕೆ ಉಪಾಯವನ್ನೂ ಬರೆದಿದ್ದರು, ಅಡ್ಡತೊಲೆ ಕತ್ತರಿಸಿ ಉಕ್ಕಿನ ಚೌಕಟ್ಟು ಕೊಡುವುದು. ಅಡ್ಡತೊಲೆ ಎರಡೂ ಗೋಡೆ ಹೊರಕ್ಕೆ ವಾಲದ ಹಾಗೆ ಹಿಡಿದುಕೊಂಡಿರುವ ಮರ. ಅದನ್ನು ಕತ್ತರಿಸುವುದೆಂದರೆ ಬಿಲ್ಲಿನ ಹೆದೆ ಕತ್ತರಿಸಿದ ಹಾಗೆ.

ಹೊರಗಿನಿಂದ ನೋಡಿದರೆ? ಒಂದು ಕಲ್ಲೂ ಅಲುಗಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೇಳಬಹುದು. ಇಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿದ ಕಟ್ಟಡಗಳಿಗೆ ಮೂರು ದರ್ಜೆ: ಒಂದು, ಎರಡು ಸ್ಟಾರ್, ಎರಡು. ಪಟ್ಟಿಯಲ್ಲಿದ್ದರೆ 1990ರ ಕಾಯ್ದೆ ಕಟ್ಟಡದ ಹೊರಗೂ ಒಳಗೂ ಅನ್ವಯಿಸುತ್ತದೆ. ಅದರ ಸ್ವರೂಪಕ್ಕೆ ತಾಗುವ ಬದಲಾವಣೆಗೆ ಮೊದಲೇ ಒಪ್ಪಿಗೆ ಬೇಕು, ಒಪ್ಪಿಗೆ ಇಲ್ಲದೆ ಮಾಡಿದರೆ ಅಪರಾಧ. ಆದರೆ ಎಷ್ಟೋ ಹಳ್ಳಿ ಶಾಲೆಗಳು ಈ ಪಟ್ಟಿಯಲ್ಲೇ ಇಲ್ಲ. ಕೆಲವು ಸಂರಕ್ಷಿತ ಪ್ರದೇಶದೊಳಗೆ ಇವೆ, ಆದರೆ ಆ ರಕ್ಷಣೆ ಹೊರಮೈಗೆ ಮಾತ್ರ. ಶಾಲೆಯನ್ನು ಮನೆ ಮಾಡಲು ಕೌನ್ಸಿಲ್‌ನ ಅನುಮತಿ ಬೇಕು ನಿಜ. ಮಾಡಿಗೆ ಹೊಸ ಕಿಟಕಿ ಕೊರೆಯುವುದು, ಕಾಂಪೌಂಡ್ ಒಡೆಯುವುದು, ಕಾರು ನಿಲ್ಲಿಸುವುದು ಇದರ ಬಗ್ಗೆ ಪುಟಗಟ್ಟಲೆ ಚರ್ಚೆ ಆಗುತ್ತದೆ. ಪಟ್ಟಿಯಲ್ಲಿಲ್ಲದ ಕಟ್ಟಡದ ಒಳಗೆ ಮಹಡಿ ಹಾಕುವುದಕ್ಕೆ ಮಾತ್ರ ಆ ಮೇಜಿನ ಮುಂದೆ ಯಾರೂ ತಡೆ ಹಾಕುವಂತಿಲ್ಲ. ಬಿದ್ದುಹೋಗದ ಹಾಗೆ, ಬೆಂಕಿಗೆ ಸಿಗದ ಹಾಗೆ ಕಟ್ಟಿದರೆ ಸಾಕು.

ನನ್ನ ತಕರಾರು ಇಷ್ಟೇ. ಈ ಕಟ್ಟಡಗಳಲ್ಲಿ ಅಪರೂಪದ್ದು ಹೊರಗಿನ ಗೋಥಿಕ್ ವೇಷವಲ್ಲ. ಚೂಪು ಕಮಾನು ನೋಡಬೇಕೆಂದರೆ ರಸ್ತೆ ದಾಟಿದರೆ ಚರ್ಚೇ ಇದೆ, ಶಾಲೆಯದಕ್ಕಿಂತ ಹಳೆಯದು, ಚೆನ್ನಾಗಿರುವುದು. ಶಾಲೆಯಲ್ಲಿ ಮಾತ್ರ ಸಿಗುವುದು ಆ ಉದ್ದನೆಯ, ಎತ್ತರದ, ಕಿಟಕಿ ಮೇಲಿರುವ ಒಂದೇ ಒಂದು ಕೋಣೆ. ಕಲಿಸುವ ಕ್ರಮ, ಅನುದಾನದ ಲೆಕ್ಕ, ಗಾಳಿ, ಬೆಳಕು, ಒಲೆ ಎಲ್ಲ ಸೇರಿ ಆದ ಅಳತೆ ಅದು. ಹೊರಗಿನದನ್ನು ಉಳಿಸಿ ಆ ಕೋಣೆಯನ್ನು ಕತ್ತರಿಸಿದವರಿಗೆ ನೀವು ಪರಂಪರೆಯ ಬಿರುದು ಕೊಟ್ಟಿದ್ದೀರಿ. ಹೊರಗೆ ಒಂದು ಪ್ಲಾಸ್ಟಿಕ್ ಕಿಟಕಿ ಹಾಕಿಕೊಂಡು ಒಳಗಿನ ಕೋಣೆಯನ್ನು ಹಾಗೇ ಬಿಟ್ಟವರ ಮನೆ ನಿಮ್ಮ ಪುರವಣಿಗೆ ಬರುತ್ತಿರಲಿಲ್ಲ. ನಾನಾದರೆ ಅವರಿಗೆ ಹೆಚ್ಚು ಅಂಕ ಕೊಡುತ್ತೇನೆ. ಪ್ಲಾಸ್ಟಿಕ್ ಕಿಟಕಿಯನ್ನು ನಾಳೆ ತೆಗೆಯಬಹುದು.

ಮನೆಯನ್ನೇ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಖಾಲಿ ಬಿಟ್ಟ ಕಟ್ಟಡ ಹಾಳಾಗುವಷ್ಟು ಬೇಗ ಯಾವುದೂ ಹಾಳಾಗುವುದಿಲ್ಲ. ಮಾಡಿನಂಚಿನ ಗಟಾರದಲ್ಲಿ ಎಲೆ ತುಂಬಿ ನೀರು ಗೋಡೆಗೆ ಇಳಿದರೆ ಎರಡೇ ಚಳಿಗಾಲ ಸಾಕು. ಆದರೆ ಶಾಲೆಯ ಜೊತೆ ಮೇಷ್ಟ್ರ ಮನೆ ಇರುತ್ತದಲ್ಲ? ಮಾದರಿ ನಕ್ಷೆಗಳಲ್ಲೇ ಅದರಲ್ಲಿ ಹಾಲ್, ಅಡುಗೆಮನೆ, ಮಲಗುವ ಕೋಣೆಗಳು ಇದ್ದವು. ಮಲಗುವುದನ್ನು ಅಲ್ಲೇ ಮುಗಿಸಿ. ಶಾಲೆಯ ಕೋಣೆಯಲ್ಲಿ ಬದುಕಿ: ಅಡುಗೆ, ಊಟ, ಪುಸ್ತಕ, ಪಿಯಾನೋ ಎಲ್ಲ ಒಂದೇ ಕಡೆ. ಇನ್ನೂ ಜಾಗ ಬೇಕೆಂದರೆ ಒಂದು ತುದಿಯಲ್ಲಿ ಮಾತ್ರ, ಕಿಟಕಿಗೆ ತಾಗದ ಹಾಗೆ ಹಿಂದೆ ಸರಿಸಿ, ಸಣ್ಣ ಅಟ್ಟ ಕಟ್ಟಿ. ಮುಂದೆ ಬೇಡವೆಂದರೆ ಬಿಚ್ಚಿಡಬಹುದು. ಆ ಶಾಲೆ ಕೊಂಡವರಿಗೂ ಇದನ್ನೇ ಹೇಳಿದೆ. ಚಳಿಗೆ ಬಿಲ್ ಯಾರು ಕಟ್ಟುತ್ತಾರೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. 22 ಅಡಿ ಎತ್ತರದ ಕೋಣೆಯನ್ನು ಬೆಚ್ಚಗಿಡುವುದು ಸುಮ್ನೆ ಮಾತಲ್ಲ. ಮಾಡಿನ ಹಂಚಿನ ಕೆಳಗೆ ಶಾಖ ತಡೆಯುವ ಪದರ, ನೆಲದ ಹಲಗೆ ಎತ್ತಿ ಅದರಡಿಯಲ್ಲಿ ಇನ್ನೊಂದು, ಕಿಟಕಿಗೆ ಒಳಗಡೆಯಿಂದ ಎರಡನೇ ಗಾಜು. ದುಡ್ಡು ಆಗುತ್ತದೆ. ಉಕ್ಕಿನ ಚೌಕಟ್ಟಿಗೆ, ನಾಲ್ಕು ಕೋಣೆಗೆ, ಎರಡು ಬಚ್ಚಲಿಗೆ ಆಗುವಷ್ಟು ಆಗುವುದಿಲ್ಲ. ಲೆಕ್ಕ ಬರೆದು ಕೊಟ್ಟಿದ್ದೇನೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ಊರಿನ ಸಭಾಭವನ ಮಾಡಿಕೊಳ್ಳುವುದು. ಅದು ಹೊಸ ಬಳಕೆಯೂ ಅಲ್ಲ. ಶಾಲೆ ನಡೆಯುತ್ತಿದ್ದಾಗಲೂ ಸಂಜೆ ಹೊತ್ತು ಸಭೆ, ಸುಗ್ಗಿಯ ಊಟ, ಕುಣಿತ, ಮತದಾನ ಎಲ್ಲ ಅದೇ ಕೋಣೆಯಲ್ಲಿ. ಊರಿನಲ್ಲಿ ಅಷ್ಟು ದೊಡ್ಡ ಕೋಣೆ ಬೇರೆ ಇರುತ್ತಿರಲಿಲ್ಲ. ಹೀಗೆ ಮಾಡಿಕೊಂಡ ಹಳ್ಳಿಗಳಲ್ಲಿ ಕೋಣೆ ಇದ್ದ ಹಾಗೇ ಇದೆ, ಕುರ್ಚಿಗಳು ಮಾತ್ರ ಬೇರೆ.

ರಿಪೇರಿಯ ಬಗ್ಗೆ ಒಂದೇ ಮಾತು. ಕೊಂಡವರು ಮೊದಲು ಮಾಡುವ ಕೆಲಸ ಕಲ್ಲಿನ ಸಂದುಗಳಿಗೆ ಸಿಮೆಂಟ್ ತುಂಬುವುದು. ಹಳೆಯ ಗೋಡೆ ಸುಣ್ಣದ ಗಾರೆಯದು. ಮಳೆಗೆ ನೀರು ಕುಡಿಯುತ್ತದೆ, ಬಿಸಿಲಿಗೆ ಸಂದುಗಳ ಮೂಲಕ ಬಿಡುತ್ತದೆ. ಸಂದಿಗೆ ಸಿಮೆಂಟ್ ಬಡಿದರೆ ನೀರು ಕಲ್ಲಿನ ಮೂಲಕವೇ ಹೊರಬರಬೇಕು. ಚಳಿಗೆ ಆ ನೀರು ಹೆಪ್ಪುಗಟ್ಟಿದಾಗ ಕಲ್ಲಿನ ಮುಖವೇ ಸಿಡಿದು ಉದುರುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಹೊರಚಾಚಿ ನಿಂತು ಕಲ್ಲು ಒಳಗೆ ಸವೆದಿರುತ್ತದೆ. ನಿಮ್ಮ ನಡುಪುಟದ ಚಿತ್ರದ ಎಡಮೂಲೆಯಲ್ಲೇ ಇದು ಕಾಣುತ್ತದೆ.

ಒಂದು ಕೋರಿಕೆ. ಆ ಮನೆಯ ಒಳಗಿನ ಚಿತ್ರ ನಿಮ್ಮ ಛಾಯಾಗ್ರಾಹಕರ ಹತ್ತಿರ ಇದ್ದರೆ ಪ್ರಕಟಿಸಿ. ಕಿಟಕಿಯ ನಡುವೆ ಮಹಡಿ ಹಾದಿದೆಯೋ ಇಲ್ಲವೋ ಓದುಗರೇ ನೋಡಲಿ. ಹಾದಿಲ್ಲದಿದ್ದರೆ ಆ ಮನೆಯವರನ್ನು ಹೊಗಳಿ ನಾನೇ ಇನ್ನೊಂದು ಪತ್ರ ಬರೆಯುತ್ತೇನೆ.

ಮಕ್ಕಳನ್ನು ನೋಡಲು ಇಲ್ಲಿಗೆ ಬರುವ ನಿಮ್ಮ ಓದುಗರು ಬಹಳ ಇದ್ದಾರೆ. ಲಂಡನ್ನಿಂದ ರೈಲಿನಲ್ಲಿ ಹೋಗಿಬರಬಹುದಾದ ಹಿಚಿನ್ ಊರಿನಲ್ಲಿ ಬ್ರಿಟಿಷ್ ಸ್ಕೂಲ್ಸ್ ಮ್ಯೂಸಿಯಂ ಇದೆ. 300 ಹುಡುಗರಿಗೆ ಒಬ್ಬರೇ ಮೇಷ್ಟ್ರು ಎಂಬ ಲೆಕ್ಕದಲ್ಲಿ 1837ರಲ್ಲಿ ಕಟ್ಟಿದ ಲ್ಯಾಂಕಾಸ್ಟರ್ ಪದ್ಧತಿಯ ಕೋಣೆ ಅಲ್ಲಿದೆ, 1853ರ ಗ್ಯಾಲರಿ ತರಗತಿಯೂ ಇದೆ. ಅದು ಹಳ್ಳಿಯಲ್ಲ, ಪೇಟೆ. ಆದರೂ ನಾನು ಹೇಳಿದ್ದು ಅಲ್ಲಿ ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಉತ್ತರದ ಕಡೆ ಹೋಗುವವರು ಹಾಕ್ಸ್‌ಹೆಡ್ ನೋಡಿ. 1585ರಲ್ಲಿ ಶುರುವಾದ ಶಾಲೆ, ವರ್ಡ್ಸ್‌ವರ್ತ್ ಓದಿದ್ದು ಅಲ್ಲೇ, ಮೇಜಿನ ಮೇಲೆ ಹೆಸರು ಕೆತ್ತಿದ್ದೂ ಅಲ್ಲೇ. ಎರಡೂ ಕಡೆ ವರ್ಷವಿಡೀ ತೆರೆದಿರುವುದಿಲ್ಲ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಯುವೆಲ್ಮ್‌ಗೆ ಹೋಗುವುದಾದರೆ ಚರ್ಚು ನೋಡಿಕೊಂಡು ಶಾಲೆಯನ್ನು ರಸ್ತೆಯಿಂದಲೇ ನೋಡಿ ಬನ್ನಿ. ವಾರದ ದಿನಗಳಲ್ಲಿ ಒಳಗೆ ಪಾಠ ನಡೆಯುತ್ತಿರುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ
ಆಕ್ಸ್‌ಫರ್ಡ್‌ಶೈರ್, ಇಂಗ್ಲೆಂಡ್